ಮೂಲೆ ಪೆಟ್ಟಿಗೆಗೆ ಇಟ್ಟ ಕುಂಕುಮ

ಕಡೂರಿನಲ್ಲಿ ನಮ್ಮ ಮನೆಯ ಮಹಡಿ ಮೇಲೆ ಒಂದು ವೆಬ್‌ಸೈಟ್ ಕಂಪನಿ ಇದೆ. ಅದರಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ವೆಬ್‌ಸೈಟ್ ಕಟ್ಟುವುದು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬಾರದು. ಕಟ್ಟಿದ್ದನ್ನು ಓದುವುದು, ಕನ್ನಡದಲ್ಲಿ ಟೈಪ್ ಮಾಡುವುದು, ಫೋನ್ ಬಂದರೆ ಎತ್ತುವುದು, ಇಷ್ಟೇ ನನ್ನ ಕೆಲಸ. ಕಣ್ಣು ಮೊದಲಿನ ಹಾಗಿಲ್ಲವೆಂದು ಹೋದ ತಿಂಗಳು ಬಿಟ್ಟೆ. ನನ್ನ ಜಾಗಕ್ಕೆ ಪಂಚನಹಳ್ಳಿ ಕಡೆಯ ಇಬ್ಬರು ಹುಡುಗಿಯರು ಬರುತ್ತಾರಂತೆ. ಕಂಪನಿಯ ಯಜಮಾನ ಲೋಕೇಶಪ್ಪ ಒಂದು ನೋಟ್‌ಬುಕ್ ತಂದುಕೊಟ್ಟು, "ಆ ಹುಡುಗೀರಿಗೆ ಏನಾದ್ರೂ ಬರ್ದಿಡಿ ಗೌರಮ್ಮನೋರೇ. ಒಳ್ಳೇದೊಂದೇ ಬರೀಬೇಡಿ, ನಗ್ತಾರೆ" ಎಂದ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಸೇರಿದ್ದು ಕಾಫಿ ಕೊಡಲು ಹೋಗಿ. ಅಜ್ಜಂಪುರದ ಲೋಕೇಶಪ್ಪ ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ. ಎರಡು ಕಂಪ್ಯೂಟರ್, ಒಂದು ಫ್ಯಾನ್, ತರೀಕೆರೆಯಿಂದ ದಿನಾ ರೈಲಿನಲ್ಲಿ ಬಂದು ಹೋಗುವ ನಸೀಮಾ ಎಂಬ ಹುಡುಗಿ, ಇಷ್ಟೇ ಕಂಪನಿ. ಓದು ಮುಗಿಸಿ ಆಗಷ್ಟೇ ವರ್ಷವಾಗಿತ್ತು ಆಕೆಗೆ. ಲೋಕೇಶಪ್ಪ ಬೈಕಿನಲ್ಲಿ ಊರೂರು ಸುತ್ತಿ ಕೆಲಸ ಹಿಡಿದು ತರುವುದು, ನಸೀಮಾ ಕೂತು ಕಟ್ಟುವುದು. ಅವಳ ತಂದೆ ಗಡಿಯಾರ ರಿಪೇರಿಯವರು. ಮಗಳನ್ನು ಬಿಡಲು ಮೊದಲ ದಿನ ತಾವೇ ಬಂದವರು ಮಹಡಿ ಹತ್ತಲಿಲ್ಲ, ನಮ್ಮ ಜಗಲಿಯಲ್ಲಿ ಕೂತರು. "ಆಫೀಸು ಅಂತ ಕಳಿಸ್ತಿಲ್ಲಮ್ಮ, ಕೆಳಗಡೆ ನಿಮ್ಮ ಮನೆ ಐತಲ್ಲ, ಆ ಧೈರ್ಯದ ಮೇಲೆ ಕಳಿಸ್ತಿದೀನಿ" ಎಂದರು. ನಾನು ಆಗಲಿ ಎಂದೆ. ಆ ಮಾತಿನ ಭಾರ ಆಗ ಗೊತ್ತಾಗಲಿಲ್ಲ.

ಒಂದು ದಿನ ಕಾಫಿ ಲೋಟ ಇಡುವಾಗ ನಸೀಮಾಳ ಪರದೆಯ ಮೇಲೆ ಕಣ್ಣು ಬಿತ್ತು. ಸಖರಾಯಪಟ್ಟಣದ ಒಬ್ಬ ಎಣ್ಣೆ ಗಾಣದವರ ವೆಬ್‌ಸೈಟ್. "ನಮ್ಮೂರ ಗಾಣದ ಎಣ್ಣೆ" ಎಂದು ಬರೆದು ಕೆಳಗೆ ದೊಡ್ಡ ಫೋಟೋ. ಗಾಣಕ್ಕೆ ಒಂಟೆ ಕಟ್ಟಿತ್ತು.

"ಏನಮ್ಮ ನಸೀಮಾ, ಸಖರಾಯಪಟ್ಟಣಕ್ಕೆ ಒಂಟೆ ಯಾವಾಗ ಬಂತು?"

ಅವಳು ಪರದೆಯ ಹತ್ತಿರ ಹೋಗಿ ನೋಡಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಯಾ ಅಲ್ಲಾ! ಇಂಟರ್ನೆಟ್ಟಲ್ಲಿ ಗಾಣ ಅಂತ ಹುಡುಕಿದೆ ಆಂಟಿ. ಗಾಣ ನೋಡಿದೆ, ಕಟ್ಟಿರೋದು ನೋಡ್ಲಿಲ್ಲ."

ಲೋಕೇಶಪ್ಪ ಅವತ್ತೇ ಕೆಳಗಿಳಿದು ಬಂದು, ನನ್ನನ್ನು ಕೆಲಸಕ್ಕೆ ಕಳಿಸುತ್ತೀರಾ ಎಂದು ನಮ್ಮ ಯಜಮಾನರನ್ನು ಕೇಳಿದ. ಅವರು ಕಾಯಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ಮಾತು ಕಡಿಮೆ. "ಮನೇಲೂ ತಪ್ಪು ಹುಡುಕೋದೇ ಕೆಲಸ ಇವಳಿಗೆ. ಮಹಡಿ ಮೇಲೆ ಸಂಬಳ ಬೇರೆ ಕೊಟ್ಟರೆ ಬೇಡ ಅನ್ನೋಕೆ ನಾನ್ಯಾರು" ಎಂದರು. ಐವತ್ತು ದಾಟಿದ ಮೇಲೆ ಮೆಟ್ಟಿಲು ಹತ್ತಿದರೆ ಸಿಗುವ ಕೆಲಸ ಎಷ್ಟು ಜನಕ್ಕೆ ಸಿಗುತ್ತದೆ? ಶಿವನ ದಯೆ ಎಂದುಕೊಂಡೆ.

ಟೈಪಿಂಗ್ ಕಲಿಸಿದವಳು ನಸೀಮಾ. ಮೊದಲ ತಿಂಗಳು ನನ್ನ ತೋರುಬೆರಳೊಂದೇ ಕೆಲಸ ಮಾಡುತ್ತಿತ್ತು. "ಆಂಟಿ, ಒಂಬತ್ತು ಬೆರಳನ್ನ ಸುಮ್ನೆ ಕೂರಿಸಿ ಊಟ ಹಾಕ್ತಿದೀರ" ಎನ್ನುತ್ತಿದ್ದಳು. ಯಾವ ಪುಟವೂ ನಾನು ಗಟ್ಟಿಯಾಗಿ ಓದದೆ ಹೊರಗೆ ಹೋಗಬಾರದೆಂಬ ನಿಯಮವೂ ಅವಳದೇ. ನಾನು ಓದುತ್ತಿದ್ದೆ, ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಎಲ್ಲಿ ನನ್ನ ನಾಲಿಗೆ ತಡವರಿಸಿತೋ ಅಲ್ಲಿ ವಾಕ್ಯ ಸರಿಯಿಲ್ಲ ಎಂದು ಲೆಕ್ಕ. ಹುಡುಗಿಯರೇ, ಈಗ ತಪ್ಪು ಹುಡುಕಲು ಕಂಪ್ಯೂಟರೇ ಇದೆಯಂತೆ. ಆದರೂ ಒಂದು ಸಲ ಬಾಯಿಬಿಟ್ಟು ಓದಿ.

ಗಿರಾಕಿಗಳು ಒಬ್ಬೊಬ್ಬರೂ ಒಂದೊಂದು ಥರ. ಅಜ್ಜಂಪುರದ ಒಬ್ಬ ಕಲ್ಯಾಣ ಮಂಟಪದವರು ತೀರಿಕೊಂಡ ತಂದೆಯ ಫೋಟೋ ಪ್ರತಿ ಪುಟದಲ್ಲೂ ಇರಬೇಕು, ಮುಂದೆ ದೀಪ ಉರಿಯುತ್ತಿರಬೇಕು ಎಂದರು. ನಸೀಮಾ ಎರಡು ದಿನ ಕೂತು ಅಲುಗಾಡುವ ಜ್ಯೋತಿ ಮಾಡಿದಳು. ಅವರು ಬಂದು ನೋಡಿದರು. ಬಾಗಿಲ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದು ಮಾನಿಟರಿಗೆ ಕೈ ಮುಗಿದು ನಿಂತರು. ನಾವ್ಯಾರೂ ನಗಲಿಲ್ಲ. ಆಮೇಲೆ ಅವರೂರಿನಲ್ಲಿ ನೆಟ್ ಹೋದಾಗಲೆಲ್ಲ ಫೋನ್ ಬರುತ್ತಿತ್ತು: "ಲೇ ಲೋಕೇಶ, ಅಪ್ಪಾಜಿ ದೀಪ ಕಾಣ್ತಿಲ್ಲ ಕಣೋ, ಏನ್ ಮಾಡಿದ್ರೋ?"

ನನ್ನದೂ ಒಂದು ಇದೆ. ತರೀಕೆರೆಯ ಇಟ್ಟಿಗೆ ವ್ಯಾಪಾರಿಯೊಬ್ಬರ ಸೈಟಿನಲ್ಲಿ ಸೂಚನೆ ಬರೆಯುವ ಚೌಕ ಕೆಲಸ ಮಾಡುತ್ತದೋ ಇಲ್ಲವೋ ನೋಡಿ ಎಂದಳು ನಸೀಮಾ. ಏನು ಬರೆಯುವುದೆಂದು ತೋಚದೆ "ಸಾರು ಆಗಿದೆ, ಮುದ್ದೆ ಆಗಬೇಕು" ಎಂದು ಬರೆದು ಒತ್ತಿದೆ. ಅದು ಪರೀಕ್ಷೆಯ ಪುಟವಲ್ಲ, ನಿಜವಾದ ಪುಟ. ಮಧ್ಯಾಹ್ನದೊಳಗೆ ಲೋಕಕ್ಕೆಲ್ಲ ನಮ್ಮ ಮನೆ ಅಡಿಗೆ ತಿಳಿಯಿತು. ಆ ವ್ಯಾಪಾರಿ ಒಳ್ಳೆಯವರು. ಫೋನ್ ಮಾಡಿ "ಮುದ್ದೆ ಆಯ್ತಾ ತಾಯಿ?" ಎಂದಷ್ಟೇ ಕೇಳಿದರು.

ಇವು ನಗುವ ತಪ್ಪುಗಳು. ಇನ್ನೊಂದಿದೆ. ನಿಜವಾಗಿ ಬರೆಯಬೇಕೆಂದು ಕೂತಿದ್ದು ಅದನ್ನೇ.

ತರೀಕೆರೆಯ ಒಬ್ಬ ಕಣ್ಣಿನ ಡಾಕ್ಟರು ನಮ್ಮ ದೊಡ್ಡ ಗಿರಾಕಿ. ಅವರು ಹಳ್ಳಿಗಳಲ್ಲಿ ವಯಸ್ಸಾದವರಿಗೆ ಕಣ್ಣಿನ ಕ್ಯಾಂಪ್ ನಡೆಸುತ್ತಿದ್ದರು. ಯಾವ ದಿನ, ಯಾವ ಊರು, ಎಷ್ಟು ಹೊತ್ತಿಗೆ ಎಂದು ಹೆಸರು ಬರೆಸಿದವರಿಗೆಲ್ಲ ನಮ್ಮ ಆಫೀಸಿನಿಂದಲೇ ಮೆಸೇಜ್ ಹೋಗುತ್ತಿತ್ತು. ಅದಕ್ಕೆಂದು ನಸೀಮಾ ಕೋಣೆಯ ಮೂಲೆಯಲ್ಲಿ ಸಿಮ್ ಹಾಕಿದ ಒಂದು ಪುಟ್ಟ ಕಂಪ್ಯೂಟರ್ ಇಟ್ಟಿದ್ದಳು. ನಾನು ಅದನ್ನು ಮೂಲೆ ಪೆಟ್ಟಿಗೆ ಎನ್ನುತ್ತಿದ್ದೆ. ಅದು ಯಾವಾಗಲೂ ಆನ್ ಇರಬೇಕು. ಕರೆಂಟ್ ಹೋದರೂ ನಡೆಯಲಿ ಎಂದು ಬ್ಯಾಟರಿ ಇತ್ತು. ಅಕಸ್ಮಾತ್ ನಿಂತರೆ ಯಾವಾಗ ನಿಂತಿತು, ಯಾಕೆ ನಿಂತಿತು ಎಂದು ಬರೆಯಲು ಪಕ್ಕದಲ್ಲೇ ಒಂದು ಪುಸ್ತಕವನ್ನು ದಾರದಲ್ಲಿ ಕಟ್ಟಿ ನೇತುಹಾಕಿದ್ದಳು.

ಪೆಟ್ಟಿಗೆ ಬಂದ ಮೇಲಿನ ಮೊದಲ ಆಯುಧಪೂಜೆಯ ಹಿಂದಿನ ಸಂಜೆ ಅವಳು ರೈಲಿಗೆ ಹೊರಡುವಾಗ ಹೇಳಿದಳು: "ಆಂಟಿ, ಹಬ್ಬ ಮುಗಿದ ಮಾರನೇ ದಿನ ಸಿಂಗಟಗೆರೇಲಿ ಕ್ಯಾಂಪ್ ಇತ್ತಲ್ಲ, ಡಾಕ್ಟ್ರು ಒಂದು ವಾರ ಮುಂದಕ್ಕೆ ಹಾಕಿದಾರೆ. ನಾಳೆ ಮಧ್ಯಾಹ್ನ ಮೆಸೇಜ್ ಹೋಗ್ಲಿ ಅಂದ್ರು. ಹಬ್ಬ ಅಲ್ವಾ, ಫೋನ್ ಇಟ್ಕೊಂಡಿರೋ ಮಕ್ಕಳು ಮನೇಲಿರ್ತಾರೆ. ಟೈಮ್ ಹಾಕಿದೀನಿ, ತಾನೇ ಹೋಗುತ್ತೆ. ಮೂಲೇದು ಮಾತ್ರ ಆನ್ ಇರ್ಲಿ."

ನಾನು ಹೂಂ ಎಂದೆ. ಕೇಳಿಸಿಕೊಂಡೆ ಕೂಡ. ಟೈಮ್ ಹಾಕಿದ್ದೀನಿ ಎಂದರೆ ಅಂಚೆ ಡಬ್ಬಕ್ಕೆ ಹಾಕಿದ ಕಾಗದದ ಹಾಗೆ ಎಂದು ನನ್ನ ತಿಳಿವಳಿಕೆ. ಡಬ್ಬಕ್ಕೆ ಹಾಕಿದ ಮೇಲೆ ಬರೆದವರು ಮಲಗಿದರೇನು, ಎದ್ದರೇನು?

ಆಯುಧಪೂಜೆಯ ಬೆಳಿಗ್ಗೆ ಲೋಕೇಶಪ್ಪ ಬೈಕಿಗೆ ಹೂ ಮುಡಿಸಿ, ನಿಂಬೆಹಣ್ಣು ತುಳಿಸಿ, "ಮೇಲಿಂದು ನೀವೇ ಮುಗ್ಸಿ ಗೌರಮ್ಮನೋರೇ, ಊರಲ್ಲಿ ಅಪ್ಪ ಕಾಯ್ತಿದಾರೆ" ಎಂದು ಅಜ್ಜಂಪುರಕ್ಕೆ ಹೋದ. ನಾನು ಕೋಣೆ ತೊಳೆದೆ. ದೊಡ್ಡ ಕಂಪ್ಯೂಟರುಗಳಿಗೆ ವಿಭೂತಿ, ಕುಂಕುಮ, ಚೆಂಡುಹೂ ಇಟ್ಟೆ. ಮೂಲೆಗೆ ಬಂದು ನಿಂತೆ.

ನನ್ನ ತವರಿನಲ್ಲಿ ಆ ದಿನ ಒನಕೆ, ಒರಳು, ಈಳಿಗೆಮಣೆ, ಕುಡುಗೋಲು ಎಲ್ಲಕ್ಕೂ ಬಿಡುವು. ಬೇಕಾದ ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಡುತ್ತಿದ್ದರು. ವರ್ಷವೆಲ್ಲ ದುಡಿದದ್ದಕ್ಕೆ ಒಂದು ದಿನ ನಾವು ಕೈ ಮುಗಿಯಬೇಕು, ಮುಟ್ಟಬಾರದು. ಈ ಪೆಟ್ಟಿಗೆಯೋ, ಬಂದ ದಿನದಿಂದ ಒಂದು ಕ್ಷಣ ಕಣ್ಣು ಮುಚ್ಚಿರಲಿಲ್ಲ. ಎಲ್ಲಕ್ಕೂ ಬಿಡುವು ಕೊಟ್ಟು ಇದೊಂದನ್ನು ದುಡಿಸಿದರೆ ಶಿವ ಮೆಚ್ಚುತ್ತಾನೆಯೇ? ನಸೀಮಾ ಹೇಳಿದ್ದು ನೆನಪಿತ್ತು. ಅವಳಿಗೆ ಈ ಹಬ್ಬದ ಕ್ರಮ ತಿಳಿಯದು ಎಂದುಕೊಂಡು ಬ್ಯಾಟರಿಯ ಗುಂಡಿ, ಗೋಡೆಯ ಸ್ವಿಚ್ಚು ಎರಡನ್ನೂ ಆಫ್ ಮಾಡಿದೆ. ಸ್ವಿಚ್ಚಿಗೇ ಒಂದು ಬೊಟ್ಟು ಕುಂಕುಮ ಇಟ್ಟು ಮಂಗಳಾರತಿ ಎತ್ತಿದೆ. ಮನಸ್ಸಿಗೆ ಬಹಳ ಸಮಾಧಾನವಾಯಿತು.

ವಿಜಯದಶಮಿಯೂ ರಜೆ. ಮಾರನೇ ಬೆಳಿಗ್ಗೆ ನಾನೇ ಮೊದಲು ಹೋಗಿ ಹೂ ತೆಗೆದು, ಕಸ ಗುಡಿಸಿ, ಎಲ್ಲವನ್ನೂ ಆನ್ ಮಾಡಿದೆ. ಮೂಲೆ ಪೆಟ್ಟಿಗೆಯ ಹಸಿರು ದೀಪ ಚಕಚಕ ಮಿನುಗತೊಡಗಿತು. ಎಷ್ಟು ಲವಲವಿಕೆ! ಬಿಡುವು ಸಿಕ್ಕಿದ್ದಕ್ಕೆ ಹೇಗೆ ಓಡುತ್ತಿದೆ ನೋಡು ಎಂದು ಅದರ ತಲೆ ಸವರಿದೆ.

ಎರಡು ದಿನ ಒಳಗೇ ಉಳಿದಿದ್ದ ಮೆಸೇಜುಗಳು ಆಗ ಹೊರಟಿದ್ದವು. "ಸಿಂಗಟಗೆರೆ ಕ್ಯಾಂಪ್ ಮುಂದೂಡಲಾಗಿದೆ" ಎಂಬ ಮಾತು, ಆಗಲೇ ಬಸ್ಸು ಹತ್ತಿದ್ದವರಿಗೆ.

ನಸೀಮಾ ಬಂದು ಕೂರುವಷ್ಟರಲ್ಲಿ ಡಾಕ್ಟರ ಫೋನ್. ಲೋಕೇಶಪ್ಪ ಮಾತಾಡುತ್ತ ಮಾತಾಡುತ್ತ ಬೆವರಿದ. ಸಿಂಗಟಗೆರೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಮುದುಕರು ಬೀಗ ಹಾಕಿದ ಬಾಗಿಲ ಮುಂದೆ ಕೂತಿದ್ದಾರೆ, ಯಾರ ತಪ್ಪೆಂದು ಎರಡು ದಿನದಲ್ಲಿ ಹೇಳಬೇಕು, ಇಲ್ಲವಾದರೆ ನಿಮ್ಮ ಸಹವಾಸವೇ ಬೇಡ ಎಂದರಂತೆ. ಆ ಹಸಿರು ದೀಪ ಮಿನುಗಿದ್ದು ಯಾಕೆಂದು ನನಗೆ ಆಗ ಹೊಳೆಯಿತು. ಲೋಕೇಶಪ್ಪ ಒಬ್ಬರ ಕಾರು ಕೇಳಿ ತಂದ. ನಾನೂ ಬರುತ್ತೇನೆ ಎಂದು ಹತ್ತಿದೆ. ಯಾಕೆ ಹತ್ತಿದೆನೋ ಗೊತ್ತಿಲ್ಲ. ಒಂದು ಚೀಲ ಬಾಳೆಹಣ್ಣು ತೊಡೆಯ ಮೇಲಿಟ್ಟುಕೊಂಡು ಹೋದೆ.

ಅಲ್ಲಿ ಕೆಂಚಮ್ಮ ಎಂಬ ಮುದುಕಿ ಮೊಮ್ಮಗಳ ಭುಜ ಹಿಡಿದು ಜಗಲಿಯ ಮೇಲೆ ಕೂತಿದ್ದಳು. ಬಾಳೆಹಣ್ಣು ಕೊಡಹೋದರೆ ಕೈ ಮುಂದೆ ಮಾಡಲಿಲ್ಲ.

"ಯಾರವ್ವ ನೀನು, ಡಾಕ್ಟ್ರಮ್ಮನಾ?"

"ಅಲ್ಲ ಕಣವ್ವ. ಮೆಸೇಜ್ ಕಳಿಸೋರು ನಾವು."

"ಓ, ನೀವಾ! ಕಣ್ಣು ಕಾಣ್ದೋರ್ನ ಬಸ್ಸು ಹತ್ತಿಸಿ ಆಟ ಆಡ್ತೀರಾ? ನನ್ನ ಮಗ ಕೂಲಿ ಬಿಟ್ಟು ಬಸ್ಟ್ಯಾಂಡಿಗೆ ತಂದ್ಬಿಟ್ಟ. ಸಂಜೆ ಕೇಳ್ತಾನೆ, ಏನಂದ್ರವ್ವ ಅಂತ. ಏನ್ ಹೇಳ್ಲಿ? ಬಾಳೆಹಣ್ಣು ಕೊಟ್ರು ಅನ್ಲಾ?"

ತಪ್ಪು ನನ್ನದು ಎಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಲೋಕೇಶಪ್ಪ ಎಲ್ಲರಿಗೂ ಕೈ ಮುಗಿದು, ಬಸ್ಸಿಗೆ ಹತ್ತಿಸಿ ಕಳಿಸಿದ.

ವಾಪಸು ಬಂದವನೇ ದಾರದಲ್ಲಿ ನೇತುಹಾಕಿದ್ದ ಪುಸ್ತಕ ತೆಗೆದ. ಹಬ್ಬದ ಎರಡು ತಾರೀಖುಗಳ ಎದುರು ನಸೀಮಾಳ ಅಕ್ಷರದಲ್ಲಿ ಬರೆದಿತ್ತು: ಕರೆಂಟ್ ಇರಲಿಲ್ಲ.

"ಕರೆಂಟ್ ಇಲ್ದಿದ್ರೆ ಬ್ಯಾಟರಿ ಇತ್ತಲ್ಲ? ಬ್ಯಾಟರಿ ನೋಡ್ಕೊಳ್ಳೋರು ಯಾರು?"

"ನಾನೇ ಸರ್."

"ನೋಡಿದ್ಯಾ?"

ಅವಳು ಪುಸ್ತಕ ತೆಗೆದುಕೊಂಡು ಮತ್ತೆ ಜಾಗಕ್ಕೆ ನೇತುಹಾಕಿದಳು. ಲೋಕೇಶಪ್ಪ ಕೆಟ್ಟವನಲ್ಲ, ಕೂಗಾಡುವವನೂ ಅಲ್ಲ. ಮೆಲ್ಲಗೆ ಹೇಳಿದ್ದಕ್ಕೇ ಇನ್ನೂ ಕಷ್ಟವಾಯಿತು: "ನೋಡಮ್ಮ, ಡಾಕ್ಟ್ರಿಗೆ ಒಬ್ಬರ ಹೆಸರು ಹೇಳ್ಬೇಕು. ನಾಳೆ ಬಂದು ನಿನ್ನ ಕೆಲಸ ಎಲ್ಲಾ ನಂಗೆ ಒಪ್ಪಿಸಿಬಿಡು. ಸೋಮವಾರದಿಂದ ಮನೇಲಿರು. ಆಮೇಲೆ ನೋಡೋಣ."

ಆಮೇಲೆ ಎನ್ನುವುದು ಇರುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಮನೆಯಲ್ಲಿ ಕೂತ ಹುಡುಗಿಯನ್ನು ಆ ತಂದೆ ಇನ್ನೊಂದು ಸಲ ರೈಲು ಹತ್ತಿಸುತ್ತಿರಲಿಲ್ಲ. ಅವಳಿಗೆ ಸಂಬಂಧ ನೋಡುವ ಮಾತು ಆಗಲೇ ನಡೆದಿತ್ತು. ನನಗೆ ಹತ್ತು ಬೆರಳು ಕಲಿಸಿದವಳು ನನ್ನ ಕಣ್ಣೆದುರು ಕೆಲಸ ಕಳೆದುಕೊಳ್ಳುತ್ತಿದ್ದಳು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಕೆಳಗೆ ಬಂದೆ.

ಸಂಜೆ ಲಿಂಗಪೂಜೆಗೆ ಕೂತೆ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ನೋಡಿದರೆ ಕಾಣುತ್ತಿದ್ದದ್ದು ಮಿನುಗುವ ಹಸಿರು ದೀಪ. ಯಜಮಾನರು ಎರಡು ಸಲ ಬಂದು ಇಣುಕಿದರು. ಮೂರನೇ ಸಲ, "ಏನೇ, ಇವತ್ತು ದೇವರೇ ನಿನ್ನ ಬಿಡ್ತಿಲ್ವೋ, ನೀನೇ ಅವನನ್ನ ಬಿಡ್ತಿಲ್ವೋ?" ಎಂದರು. ಅವರಿಗೆ ಎಲ್ಲ ಹೇಳಿದೆ. ಅವರು "ಅವರಪ್ಪ ಕೂತಿದ್ದು ನಮ್ಮ ಜಗಲಿ ಮೇಲೆ" ಎಂದಷ್ಟೇ ಹೇಳಿ ಊಟಕ್ಕೆ ಎದ್ದರು.

ಬೆಳಿಗ್ಗೆ ನಾನು ಮೇಲೆ ಹೋದಾಗ ಇಬ್ಬರೂ ಇದ್ದರು. ನಸೀಮಾ ಕೆಲಸ ಒಪ್ಪಿಸುತ್ತಿದ್ದಳು. ನಿಂತಲ್ಲೇ ಹೇಳಿದೆ: "ಲೋಕೇಶಪ್ಪ, ಕರೆಂಟ್ ಹೋಗಿರಲಿಲ್ಲ ಕಣಪ್ಪ. ಬ್ಯಾಟರೀನೂ ಸರಿಯಾಗಿತ್ತು. ಪೂಜೆ ಅಂತ ನಾನೇ ಎರಡೂ ಆಫ್ ಮಾಡ್ದೆ. ಮಾಡ್ಬೇಡಿ ಅಂತ ಈ ಹುಡುಗಿ ಮೊದಲೇ ಹೇಳಿತ್ತು. ಯಾರನ್ನಾದ್ರೂ ಮನೇಲಿ ಕೂರಿಸೋದಾದ್ರೆ ನನ್ನ ಕೂರ್ಸು. ನಂಗೆ ದೂರ ಏನಿಲ್ಲ, ಮೆಟ್ಟಿಲಿಳಿದ್ರೆ ಮನೆ."

ಲೋಕೇಶಪ್ಪ ಮೂಲೆಗೆ ಹೋಗಿ ಬಗ್ಗಿ ಸ್ವಿಚ್ಚು ನೋಡಿದ. ಕುಂಕುಮ ಹಾಗೇ ಇತ್ತು. ನಸೀಮಾಳ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ನಿನ್ನೆ ಬಂದ ತಕ್ಷಣ ಕಾಣಿಸ್ತು ಸರ್."

"ಮತ್ತೆ ಯಾಕೆ ಸುಳ್ಳು ಬರ್ದೆ?"

ಅವಳು ದುಪಟ್ಟಾದ ತುದಿ ಸುತ್ತುತ್ತ ನನ್ನನ್ನು ನೋಡಿ ಹೇಳಿದಳು: "ಪೂಜೆ ಮಾಡಿದ್ದಕ್ಕೆ ಹೀಗಾಯ್ತು ಅಂತ ನಾನು ಹೆಂಗ್ ಬರೀಲಿ ಆಂಟಿ? ಬೇರೆ ಯಾರು ಬರೆದ್ರೂ ಒಂದು ಮಾತು. ನಾನು ಬರೆದ್ರೆ ಇನ್ನೊಂದು ಮಾತು ಆಗುತ್ತೆ. ನೀವೇ ಹೇಳಿದ್ರೆ ಸರಿ ಅಂತ ಇದ್ದೆ."

ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತು ನಾನು ಯೋಚಿಸದಿದ್ದ ಮಾತು ಅದು. ಅವಳು ಅದನ್ನು ಒಂದು ದಿನವಿಡೀ ಒಬ್ಬಳೇ ಹೊತ್ತಿದ್ದಳು.

ಲೋಕೇಶಪ್ಪ ಕುರ್ಚಿಯ ಬೆನ್ನು ಹಿಡಿದು ನಿಂತ. "ನಸೀಮಾ, ಸೋಮವಾರ ಬಾಮ್ಮ."

"ಇವತ್ತೇ ಬಂದಿದೀನಲ್ಲ ಸರ್" ಎಂದಳು.

ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿದರು. "ಬಯ್ಯೋಣ ಅಂತಿದ್ದೆ. ನೀವೇ ಹೇಳಿಬಿಟ್ಟಿರಲ್ಲ. ಒಂದು ಕೆಲಸ ಮಾಡಿ, ಮುಂದಿನ ವಾರದ ಕ್ಯಾಂಪಿಗೆ ಮೆಸೇಜ್ ಸಾಲದು, ಒಬ್ಬೊಬ್ಬರಿಗೂ ನೀವೇ ಬಾಯಲ್ಲಿ ಹೇಳಿ" ಎಂದರು. ಅವರು ನಮ್ಮನ್ನು ಬಿಡಲಿಲ್ಲ. ಅದು ದೊಡ್ಡ ದಯೆ, ಸಣ್ಣದೆಂದು ಹೇಗೆ ಎಣಿಸಲಿ?

ಎರಡು ದಿನ ಫೋನ್ ಹಿಡಿದು ಕೂತೆ. ಕೆಂಚಮ್ಮನ ಸರದಿ ಬಂತು. ಮಗ ಫೋನ್ ಕೊಟ್ಟ.

"ಓ, ಬಾಳೆಹಣ್ಣಿನೋಳಾ! ಈ ಸಲ ದೇವ್ರಾಣೆಗೂ ಡಾಕ್ಟ್ರು ಇರ್ತಾರಾ?"

"ಇರ್ತಾರೆ ಕಣವ್ವ. ಅವತ್ತು ತಪ್ಪು ನಂದೇ ಆಗಿತ್ತು."

"ಹೋಗ್ಲಿ ಬಿಡು. ಅವತ್ತು ಹಣ್ಣು ತಗೊಂಡಿದ್ರೆ ಚೆನ್ನಾಗಿತ್ತು, ದಾರೀಲಿ ಹಸಿವಾಯ್ತು."

ಅಂದಿನಿಂದ ನಮ್ಮ ಕಂಪನಿಯ ರೀತಿ ಇದು: ವಯಸ್ಸಾದವರಿಗೆ ಮೆಸೇಜ್ ಹೋದ ಮೇಲೆ ಒಂದು ಫೋನ್. ಹುಡುಗಿಯರೇ, ಆ ಪಟ್ಟಿ ನಿಮ್ಮ ಮೇಜಿನ ಎಡ ಖಾನೆಯಲ್ಲಿದೆ.

ತಪ್ಪು ಒಪ್ಪಿಕೊಂಡ ದಿನವೇ ಆ ಪುಸ್ತಕದಲ್ಲಿ "ಕರೆಂಟ್ ಇರಲಿಲ್ಲ" ಎಂಬುದನ್ನು ಹೊಡೆದು ಕೆಳಗೆ ನನ್ನ ಕೈಯಿಂದ ಬರೆದೆ: "ಕರೆಂಟ್ ಇತ್ತು. ಕೇಳದೆ ಆಫ್ ಮಾಡಿದೆ. ಗೌರಮ್ಮ." ಮುಂದಿನ ವರ್ಷದ ಆಯುಧಪೂಜೆಗೆ ನಸೀಮಾ ತರೀಕೆರೆ ಸಂತೆಯಿಂದ ತಾನೇ ಚೆಂಡುಹೂ ತಂದಳು. ಓಡುತ್ತಿರುವ ಪೆಟ್ಟಿಗೆಗೇ ಪೂಜೆಯಾಯಿತು. "ಇಲ್ಲಿ ಇಡಿ ಆಂಟಿ, ಅಲ್ಲಿಟ್ರೆ ಕುಂಕುಮ ಫ್ಯಾನಿಗೆ ಹೋಗುತ್ತೆ" ಎಂದು ಬೆರಳಿಟ್ಟು ತೋರಿಸಿದಳು. ಅವಳಿಗೆ ಮದುವೆಯೂ ಆಯಿತು, ಕಡೂರಿಗೇ. ಈಗ ಹೊರಗಿನ ಓಡಾಟವಷ್ಟೇ ಲೋಕೇಶಪ್ಪನದು. ಒಳಗೆ ಅವಳ ಮಾತೇ ಮಾತು, ನೀವು ಕೇಳಬೇಕಾದದ್ದೂ ಅವಳನ್ನೇ.

ಮೆಸೇಜುಗಳು ಈಗ ಎಲ್ಲೋ ದೂರದ ಯಂತ್ರದಿಂದ ಹೋಗುತ್ತವಂತೆ. ಮೂಲೆ ಪೆಟ್ಟಿಗೆಗೆ ಕೆಲಸವಿಲ್ಲ. ನನ್ನ ಕೊನೆಯ ದಿನ ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ನಸೀಮಾ ನನ್ನ ಕೈ ಹಿಡಿದು ಮೂಲೆಗೆ ಕರೆದೊಯ್ದಳು.

"ಇದಕ್ಕೂ ಇವತ್ತೇ ನಿವೃತ್ತಿ. ನೀವೇ ಆಫ್ ಮಾಡಿ ಆಂಟಿ."

"ಎಲ್ಲಾ ಹೋಗಿದೆಯಾ? ಒಳಗೆ ಒಂದೂ ಉಳಿದಿಲ್ವಾ?"

"ಎಲ್ಲಾ ಹೋಗಿದೆ. ಎರಡು ಸಲ ನೋಡಿದೀನಿ."

"ಮಾಡ್ಲಾ?"

"ಮಾಡಿ."

ಬ್ಯಾಟರಿಯ ಗುಂಡಿ ಒತ್ತಿದೆ, ಆಮೇಲೆ ಗೋಡೆಯ ಸ್ವಿಚ್ಚು. ಹಸಿರು ದೀಪ ನಿಂತಿತು. ಕೈ ಮುಗಿದೆ. ದಾರದಲ್ಲಿ ನೇತಾಡುತ್ತಿದ್ದ ಪುಸ್ತಕ ತೆಗೆದು, ಕೊನೆಯ ಬರಹದ ಕೆಳಗೆ ಬರೆದೆ: "ಕರೆಂಟ್ ಇತ್ತು. ಕೇಳಿ ಆಫ್ ಮಾಡಿದೆ. ಗೌರಮ್ಮ."